ಬನ್ನಿನ ಮೇಲಿನ ಎಳ್ಳು

ಆ ಮಧ್ಯಾಹ್ನ ನಾನು ಬಿಯರು ಕುಡಿದೆನೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಗ್ಲಾಸು ನನ್ನ ಮುಂದಿತ್ತು, ಅದರಲ್ಲಿ ನೊರೆ ಇತ್ತು, ನನಗೆ ಬಾಯಾರಿತ್ತು. ಇಷ್ಟು ನಿಜ. ಹಾಗಿದ್ದ ಮೇಲೆ ಕುಡಿದಿರಲೇಬೇಕು ಎಂದು ನೀವು ಹೇಳಬಹುದು. ನನ್ನ ಹೆಂಡತಿ ಸುಮಾ ಹೇಳುವುದೂ ಅದನ್ನೇ. ಅವಳ ಪ್ರಕಾರ ಅರ್ಧ ಗ್ಲಾಸು ಖಾಲಿಯಾಗಿತ್ತು. ನಾನು ಅದನ್ನು ಮುಟ್ಟಿಯೂ ಇರಲಿಲ್ಲ ಎಂದು ನನ್ನ ಅಮ್ಮ ಬದುಕಿರುವವರೆಗೂ ಹೇಳಿದಳು. ಇಬ್ಬರೂ ನನ್ನ ಎದುರಿಗೇ ಕೂತಿದ್ದವರು, ಇಬ್ಬರ ಕಣ್ಣೂ ಚೆನ್ನಾಗಿತ್ತು. ನನ್ನ ನೆನಪನ್ನೇ ಕೇಳೋಣವೆಂದರೆ, ಮೀಸೆಗೆ ನೊರೆ ತಾಗಿದ್ದನ್ನು ಅದು ತೋರಿಸುತ್ತದೆ. ಆ ನೊರೆ ಆ ದಿನದ್ದೋ ಆಫೀಸು ಮುಗಿಸಿ ಹೋದ ಯಾವುದೋ ಶುಕ್ರವಾರದ್ದೋ ಎಂದು ಒತ್ತಿ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತದೆ.

ಮೊನ್ನೆ ಪುಸ್ತಕದ ಕಪಾಟು ಬೇರೆ ಗೋಡೆಗೆ ಸರಿಸುತ್ತಿದ್ದೆ. (ಯಾಕೆ ಎಂದು ಕೇಳಬೇಡಿ. ನನಗೆ ಒಂದು ಕಡೆ ಸುಮ್ಮನೆ ಕೂರಲು ಬರುವುದಿಲ್ಲ. ನಾನು ಕೂತರೆ ಕಪಾಟು ಕೂರುವುದಿಲ್ಲ.) ಹಳೆಯ ಪಠ್ಯಪುಸ್ತಕವೊಂದರಿಂದ ಗುಂಡನೆಯ ರಟ್ಟಿನ ಬಿಲ್ಲೆ ಬಿತ್ತು, ಬಿಯರಿನ ಗ್ಲಾಸಿನ ಕೆಳಗೆ ಇಡುತ್ತಾರಲ್ಲ, ಅಂಥದ್ದು. ಮೇಲೆ ಆ ಮಧ್ಯಾಹ್ನ ಹೋಗಿದ್ದ ಪಬ್ಬಿನ ಗಾಡಿಚಕ್ರದ ಚಿತ್ರ, ಚಿತ್ರದ ಮೇಲೆ ಗ್ಲಾಸಿನ ಒದ್ದೆ ಒಣಗಿದ ಗುರುತು. ಸಾಕ್ಷಿ ಸಿಕ್ಕಿತು ಎಂದು ಒಂದು ಕ್ಷಣ ಕುಣಿದಾಡಿದೆ. ಆಮೇಲೆ ಹೊಳೆಯಿತು: ಗ್ಲಾಸು ಇಟ್ಟಿದ್ದರು ಎಂಬುದಕ್ಕೆ ಅದು ಸಾಕ್ಷಿ, ಎತ್ತಿದ್ದಕ್ಕಲ್ಲ. ಬರ್ಕ್ಲಿಯಲ್ಲಿ ಐದು ವರ್ಷ ಸಂಖ್ಯಾಶಾಸ್ತ್ರ ಓದಿದ್ದರ ಫಲ ಇಷ್ಟೇ. ಯಾವ ಸಾಕ್ಷಿಯೂ ಸಾಲುವುದಿಲ್ಲ ಎಂದು ಹೇಳಲು ಕಲಿತೆ. ಸಾಲುವಂಥದ್ದನ್ನು ಹುಡುಕಲು ಕಲಿಯಲಿಲ್ಲ.

ಅಮ್ಮ ಅಮೆರಿಕಕ್ಕೆ ಬಂದದ್ದು ಒಂದೇ ಸಲ, ಎಂಬತ್ತಾರರ ಬೇಸಿಗೆಯಲ್ಲಿ. ಹಾಗಾಗಿ ವರ್ಷದ ಬಗ್ಗೆ ಅನುಮಾನವಿಲ್ಲ. ಮೈಸೂರಿನ ಮಿಡ್ಲ್ ಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಸನಿವೇಲಿನ ನಮ್ಮ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ಅವಳು ತಂದ ಸೂಟ್‌ಕೇಸಿನಲ್ಲಿ ಸೀರೆಗಿಂತ ಹೆಚ್ಚಾಗಿ ಬೇರೆ ಸಾಮಾನಿತ್ತು: ಕರಿ ಎಳ್ಳಿನ ಪೊಟ್ಟಣ, ದರ್ಭೆಯ ಕಟ್ಟು, ಎರಡು ಜೊತೆ ಜನಿವಾರ, ಗೋಡೆಯ ಕ್ಯಾಲೆಂಡರು, ಮತ್ತೆ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನಲ್ಲಿ ನಮ್ಮ ಮನೆಯ ಪುರೋಹಿತರು ಶ್ರಾದ್ಧದ ವಿಧಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ್ದರು. ನಡುನಡುವೆ 'ಈಗ ನೀರು ಬಿಡಪ್ಪಾ' ಎನ್ನುತ್ತಾರೆ, ನಾನು ನೀರು ಬಿಡಲು ಬೇಕಾಗುವಷ್ಟು ಹೊತ್ತು ಸುಮ್ಮನಿರುತ್ತಾರೆ, ಆ ಮೌನದಲ್ಲಿ ಅವರ ಮನೆಯ ಪ್ರೆಷರ್ ಕುಕ್ಕರು ಕೂಗುತ್ತದೆ.

ಅಪ್ಪ ತೀರಿಕೊಂಡು ಆಗ ಐದು ವರ್ಷ. ನಾಗರ ಪಂಚಮಿಯ ದಿನ ಹೋದರು. ನಾನು ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕಪ್ಪನ ಮಗ ಮಾಡಿದ್ದ. ಆಮೇಲಿನ ವರ್ಷಗಳಲ್ಲಿಯೂ ಅವನೇ ಮಾಡಿದ. ನಾನು ಅಡ್ಡಿಪಡಿಸಲಿಲ್ಲ, ಸಂತೋಷವನ್ನೇ ಪಟ್ಟೆ. ಸತ್ತವರಿಗೆ ಎಳ್ಳುನೀರು ಮುಟ್ಟುತ್ತದೆಂಬುದಕ್ಕೆ ಏನು ಆಧಾರ ಎಂದು ಆಫೀಸಿನಲ್ಲಿ, ಪಾರ್ಟಿಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಭಾಷಣ ಮಾಡಿಕೊಂಡಿದ್ದವನು ನಾನು. ಅಮ್ಮ ವಾದಕ್ಕೆ ಬರಲಿಲ್ಲ. "ಈ ವರ್ಷ ನೀನು ಮಾಡಬೇಡಪ್ಪ, ಅಲ್ಲಿ ನನ್ನ ಮಗ ಮಾಡ್ತಾನೆ" ಎಂದು ಆ ಹುಡುಗನಿಗೆ ಹೇಳಿಯೇ ವಿಮಾನ ಹತ್ತಿದ್ದಳು. ನನಗೆ ಹೇಳಿದ್ದೂ ಒಂದೇ ಮಾತು: "ನಂಬು ಅಂತ ನಾನು ಹೇಳಲ್ಲ ಕಣೋ. ಒಂದು ಸಲ ನಿನ್ನ ಕೈಯಿಂದ ಆಗ್ಲಿ. ನಾನಿರೋವಾಗ, ನನ್ನ ಕಣ್ಣೆದುರಿಗೆ." ಕ್ಯಾಲೆಂಡರಿನಲ್ಲಿ ನಾಗರ ಪಂಚಮಿ ಭಾನುವಾರವಿತ್ತು. ಆ ಚೌಕಕ್ಕೆ ಅವಳು ಪೆನ್ಸಿಲಿನಲ್ಲಿ ಸುತ್ತು ಹಾಕಿದಳು. ಸೆಪ್ಟೆಂಬರಿನಲ್ಲಿ ವಾಪಸ್ಸು ಹೊರಡುವವಳು. ಮತ್ತೆ ಬರುವ ಮಾತೇ ಇರಲಿಲ್ಲ.

ನಾವು ಪಬ್ಬಿಗೆ ಹೋದದ್ದು ಅದರ ಹಿಂದಿನ ದಿನ, ಶನಿವಾರ. ಇದಕ್ಕೆ ಹೊಣೆ ಉಪಾಧ್ಯರು. ಉಡುಪಿ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು, ನನ್ನ ಆಫೀಸಿನಲ್ಲೇ ಕಂಪ್ಯೂಟರ್ ಚಿಪ್ಪಿನ ವಿನ್ಯಾಸ ಮಾಡುತ್ತಿದ್ದರು. ಕ್ಯುಪರ್ಟಿನೋದಲ್ಲಿ ಮನೆ. ಅವರ ಹೆಂಡತಿ ಮಕ್ಕಳು ಆ ಬೇಸಿಗೆ ಊರಿಗೆ ಹೋಗಿದ್ದರಿಂದ, ವಾರದ ಕೊನೆಯಲ್ಲಿ ಯಾರನ್ನಾದರೂ ಕಾರಿಗೆ ತುಂಬಿಕೊಂಡು ಎಲ್ಲಿಗಾದರೂ ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಅಮ್ಮನಿಗೆ ಫ್ರೀವೇ ತೋರಿಸಿದ್ದು ಸಾಕು ಮಾರಾಯಾ," ಎಂದರು. "ಹಳ್ಳಿ ತೋರಿಸುವ. ಬೆಟ್ಟದ ಆಚೆ ಒಂದು ಹಳೇ ಪಬ್ಬು ಉಂಟು, ಮರ ಕಡಿಯುವವರು ಬರ್ತಿದ್ದದ್ದು. ಈಗ ರಿಪೇರಿ ಮಾಡಿ ಹೊಸತು ಮಾಡಿದ್ದಾರೆ. ಹಿಂದೆ ತೊರೆ ಹರೀತದೆ. ಒಳ್ಳೇ ಊಟ."

ಪಬ್ಬು ಎಂದರೇನೆಂದು ಅಮ್ಮನಿಗೆ ನಾನು ಹೇಳಲಿಲ್ಲ, ಹೋಟೆಲ್ಲು ಎಂದೆ. ಮರುದಿನದ ಶ್ರಾದ್ಧದ ವಿಷಯವನ್ನು ಉಪಾಧ್ಯರಿಗೆ ಹೇಳಲಿಲ್ಲ. ಅಷ್ಟೆಲ್ಲ ಭಾಷಣ ಮಾಡಿದವನು ಯಾವ ಮುಖದಿಂದ ಹೇಳುವುದು? ಆ ರಾತ್ರಿ ನಾನು ಹಣ್ಣು ಹಾಲಿನಲ್ಲೇ ಇರಬೇಕಾದ್ದರಿಂದ ಮಧ್ಯಾಹ್ನದ ಊಟವೇ ಗತಿ, ಗಡದ್ದಾಗಿ ತಿನ್ನೋಣವೆಂದು ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಟೆ.

ಆ ಪಬ್ಬಿನ ಬಾಗಿಲಿನಿಂದಲೇ ನನ್ನ ತಲೆ ಕೆಡಲು ಶುರುವಾಯಿತು. ಅರ್ಧ ಬಾಗಿಲು, ಎದೆಯಿಂದ ಮೊಣಕಾಲಿನವರೆಗೆ ಮಾತ್ರ ಮರೆ, ತಳ್ಳಿದರೆ ಹಿಂದೆ ಮುಂದೆ ತೂಗುವಂಥದ್ದು. ಮೈಸೂರಿನಲ್ಲಿ ನಾನು ಸ್ಕೂಲಿಗೆ ಹೋಗುವ ದಾರಿಯಲ್ಲಿ ಇಂಥದೇ ಬಾಗಿಲಿನ ಬ್ರಾಂದಿ ಅಂಗಡಿಯೊಂದಿತ್ತು. ನನ್ನ ಆಗಿನ ಎತ್ತರಕ್ಕೆ ಒಳಗಿನವರ ಮುಖ ಕಾಣುತ್ತಿರಲಿಲ್ಲ, ಪಾದಗಳು ಕಾಣುತ್ತಿದ್ದವು. ನಮ್ಮ ಡ್ರಿಲ್ ಮೇಷ್ಟರ ಎಡಗಾಲಿನ ಚಪ್ಪಲಿಗೆ ಟೈರಿನ ಅಟ್ಟೆ ಹಾಕಿಸಿದ್ದರಿಂದ ನಾವು ಅವರನ್ನು ಸಲೀಸಾಗಿ ಗುರುತು ಹಿಡಿಯುತ್ತಿದ್ದೆವು. ಸಂಜೆ ಟೈರು ಕಂಡರೆ ಮರುದಿನ ಡ್ರಿಲ್ಲಿಲ್ಲ ಎಂದು ಅರ್ಥ. ಅಪ್ಪ ಜೊತೆಗಿದ್ದರೆ ಆ ಅಂಗಡಿ ಬರುವ ಮೊದಲೇ ರಸ್ತೆ ದಾಟಿಸುತ್ತಿದ್ದರು. ದಾಟುವಾಗ ನನ್ನ ತಲೆಯನ್ನು ಮೆತ್ತಗೆ ಬೇರೆ ಕಡೆ ತಿರುಗಿಸುತ್ತಿದ್ದರು, ಏನೋ ಹಕ್ಕಿ ತೋರಿಸುವವರ ಹಾಗೆ. ಹಕ್ಕಿ ಯಾವತ್ತೂ ಇರಲಿಲ್ಲ. ಇದೂ ನಿಜವಾಗಿ ನಡೆದದ್ದೋ, ಡ್ರಿಲ್ ಮೇಷ್ಟರ ಕಥೆಗೆ ನಾನೇ ಅಪ್ಪನನ್ನು ಸೇರಿಸಿದೆನೋ ಗೊತ್ತಿಲ್ಲ. ನಮ್ಮೂರಿನಲ್ಲಿ ಜನರನ್ನು ಮುಚ್ಚಲು ಹಾಕಿದ ಬಾಗಿಲನ್ನು ಇಲ್ಲಿ ಜನರಿಗೆ ತೋರಿಸಲು ಮಾಡಿಸಿದ್ದರು. ಅದಕ್ಕೆ ಹೊಸ ಹಿತ್ತಾಳೆಯ ತಿರುಗಣಿ ಬೇರೆ.

ಒಳಗೆ ಇನ್ನೂ ಅಧ್ವಾನ. ನೆಲಕ್ಕೆ ಮರದ ಹೊಟ್ಟು ಎರಚಿದ್ದರು. ಗೋಡೆಗೆ ಗರಗಸ, ಕುದುರೆಯ ಲಾಳ, ಗಾಡಿಚಕ್ರ. ಗಾಡಿಚಕ್ರದ ಮಧ್ಯೆ ಬಲ್ಬು. ಕಂಬಗಳಲ್ಲಿ ಗಾಯದಂಥ ಗುರುತುಗಳು.

"ಇದು ಹೊಸ ಮರ ಗೊತ್ತುಂಟಾ ಅಮ್ಮ," ಉಪಾಧ್ಯರು ತಾವೇ ಕಟ್ಟಿಸಿದವರಂತೆ ಹೇಳಿದರು. "ಸರಪಳಿಯಲ್ಲಿ ಹೊಡೆದು ಹೊಡೆದು ಹಳತು ಮಾಡಿದ್ದು."

ಅಮ್ಮ ಕಂಬವನ್ನು ಸವರಿ ನೋಡಿದಳು. "ಹಳೇ ಮರ ಏನು ಮಾಡಿದ್ರು?"

"ಅದು ಹಳತಾಗಿತ್ತಲ್ಲ, ತೆಗೆದು ಹಾಕಿದ್ರು."

"ಪಾಪ," ಎಂದಳು ಅಮ್ಮ. ಯಾರಿಗೆ ಎಂದು ತಿಳಿಯಲಿಲ್ಲ.

ಟೇಬಲ್ಲು ಸಿಗಲು ಹೆಸರು ಬರೆಸಬೇಕಿತ್ತು. ಇಂಥ ಕಡೆ ಉಪಾಧ್ಯರು ತಮ್ಮ ಹೆಸರನ್ನು ಪಾಲ್ ಎಂದು ಬರೆಸುತ್ತಿದ್ದರು. ಇಪ್ಪತ್ತು ನಿಮಿಷ ಎಂದರು. ನಾವು ಎರಡು ಗಂಟೆಗೆ ಬಂದವರು ಮೂರೂವರೆಯವರೆಗೆ ಹೊರಗಿನ ಬೆಂಚಿನ ಮೇಲೆ ಕೂತೆವು. ಬೆಂಚು ಎಂದರೆ ಸೀಳಿದ ಮರದ ದಿಮ್ಮಿ. ಅದು ಮಾತ್ರ ನಿಜವಾಗಿಯೂ ಹಳೆಯದು, ಮುಳ್ಳುಮುಳ್ಳಾಗಿತ್ತು. ನಮ್ಮ ನಂತರ ಬಂದವರು ಒಳಗೆ ಹೋದರು, ಉಂಡು ಹಲ್ಲು ಚುಚ್ಚಿಕೊಳ್ಳುತ್ತಾ ಹೊರಗೆ ಬಂದರು. ನಾನು ಎದ್ದು ಹೋಗಿ ಕೇಳಿದೆ, ಮತ್ತೆ ಹೋಗಿ ಕೇಳಿದೆ. "ನೀವು ಹೀಗೆ ಓಡಾಡಿದ್ರೆ ಟೇಬಲ್ ಬೇಗ ಖಾಲಿಯಾಗುತ್ತಾ? ಸುಮ್ನೆ ಕೂತ್ಕೊಳ್ರೀ," ಎಂದಳು ಸುಮಾ. ಕೊನೆಗೆ ಧ್ವನಿವರ್ಧಕದಲ್ಲಿ ಪಾಲ್ ಎಂದು ಕರೆದಾಗ ಉಪಾಧ್ಯರು ತಮ್ಮ ಆ ಹೆಸರನ್ನೇ ಮರೆತು ನನ್ನ ಜೊತೆ ಮಾತಾಡುತ್ತಾ ಕೂತಿದ್ದರು. ಸುಮಾ ಚಿವುಟದಿದ್ದರೆ ಆ ಸರದಿಯೂ ಹೋಗುತ್ತಿತ್ತು.

ಕೂತ ಮೇಲೆ ಬಂದವಳು ಒಬ್ಬ ಎತ್ತರದ ಹುಡುಗಿ. ತನ್ನ ಹೆಸರು ಡೆಬಿ ಎಂದೂ ಈ ಮಧ್ಯಾಹ್ನ ನಮ್ಮನ್ನು ತಾನು ನೋಡಿಕೊಳ್ಳುವುದಾಗಿಯೂ ಹೇಳಿದಳು. ಹೆಸರು ಹೇಳಿದವರಿಗೆ ಹೆಸರು ಹೇಳದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅಮ್ಮ ತನ್ನ ಸ್ಕೂಲಿನ ಇಂಗ್ಲಿಷಿನಲ್ಲಿ ತನ್ನ ಹೆಸರು, ಊರು, ಎಷ್ಟು ವರ್ಷದ ಸರ್ವಿಸು, ಎಲ್ಲ ಹೇಳಿದಳು. ಡೆಬಿ ಪೆನ್ಸಿಲ್ಲು ಹಿಡಿದು ಕೇಳಿದಳು, ಪಾಪ. ಈ ಊರಿನಲ್ಲಿ ಯಾರಾದರೂ ಅಮ್ಮನ ಪರಿಚಯವನ್ನು ಪೂರ್ತಿ ಕೇಳಿದ್ದು ಅದೇ ಮೊದಲು.

ಊಟದ ಪಟ್ಟಿಯ ಕಥೆ ಹೇಳಿದರೆ ಮುಗಿಯುವುದಿಲ್ಲ. ಮಾಂಸವಿಲ್ಲದ್ದು ಏನಿದೆ ಎಂದು ಕೇಳಿದ್ದಕ್ಕೆ ಕೋಳಿ ಇದೆ ಎಂದಳು. ಕೋಳಿಯೂ ಬೇಡ ಎಂದರೆ ಮೀನು. ಕೊನೆಗೆ, ಬನ್ನಿನ ನಡುವಿನಿಂದ ಮಾಂಸ ತೆಗೆದು ಟೊಮೇಟೊ, ಸೊಪ್ಪು, ಚೀಸು ಇಟ್ಟು ಕೊಡಬಹುದು ಎಂಬ ತೀರ್ಮಾನಕ್ಕೆ ಬಂದೆವು. ಮಾಂಸ ಇಟ್ಟು ತೆಗೆಯುವುದಲ್ಲ, ಮೊದಲಿಗೇ ಇಡಬಾರದು ಎಂದು ನಾನು ಮೂರು ಸಲ ಹೇಳಿದೆ. ಉಪಾಧ್ಯರು ಯಾರನ್ನೂ ಕೇಳದೆ ಒಂದು ಜಗ್ಗು ಬಿಯರಿಗೂ ಹೇಳಿದರು. ಊಟ ಬರಲಿಲ್ಲ, ಬಿಯರು ಬಂತು. ಅಮ್ಮನ ಮುಂದೆ ನಾನು ಅಲ್ಲಿಯವರೆಗೆ ಕುಡಿದವನಲ್ಲ. ಮೂವತ್ತೆರಡು ವರ್ಷದ ಗಂಡಸು, ಮುಚ್ಚಿಡುವುದರಲ್ಲಿ ಏನರ್ಥ ಎಂದುಕೊಂಡು ಗ್ಲಾಸನ್ನು ಹತ್ತಿರಕ್ಕೆ ಎಳೆದುಕೊಂಡೆ. ಮುಚ್ಚಿಡದಿರಲು ಬೇಕಾದ ಧೈರ್ಯಕ್ಕೂ ಆ ಗ್ಲಾಸೇ ಬೇಕೇನೋ ಎಂಬಷ್ಟು ಹೊತ್ತು ಅದನ್ನು ಹಿಡಿದುಕೊಂಡೇ ಕೂತೆ.

"ಏನಿದು ಉಪಾಧ್ಯರೇ?" ಎಂದಳು ಅಮ್ಮ.

"ಬಾರ್ಲಿ ನೀರು ಅಮ್ಮ."

"ನಮ್ಮಲ್ಲಿ ಜ್ವರ ಬಂದವರಿಗೆ ಕೊಡ್ತೀವಿ. ನೊರೆ ಬರಲ್ಲ."

ಉಪಾಧ್ಯರು ಜೋರಾಗಿ ನಕ್ಕರು. ಮಾತು ಬದಲಿಸಲೆಂದೋ ಏನೋ, "ನಾಳೆ ನಾಗರ ಪಂಚಮಿ ಅಲ್ವಾ, ನಮ್ಮನೆಗೆ ಬನ್ನಿ," ಎಂದರು. "ಅರಿಶಿನ ಎಲೆ ಸಿಗುವುದಿಲ್ಲ, ಆದರೂ ಕಡುಬು ಮಾಡುವ."

"ನಾಳೆ ಆಗಲ್ಲಪ್ಪ," ಎಂದಳು ಅಮ್ಮ. "ನಾಳೆ ಇವನ ಅಪ್ಪನ ತಿಥಿ. ಪಂಚಮಿ ದಿನಾನೇ ಹೋಗಿದ್ದು ಅವರು."

ಉಪಾಧ್ಯರ ಮುಖದ ನಗು ಹಾಗೆಯೇ ನಿಂತಿತು. ಅವರ ಒಂದು ಹುಚ್ಚಿನ ಬಗ್ಗೆ ನಿಮಗೆ ಹೇಳಬೇಕು. ಊರಿನ ಪಂಚಾಂಗ ಈ ಊರಿಗೆ ಹೊಂದುವುದಿಲ್ಲ ಎಂದು ಅವರು ಪ್ರತಿ ಯುಗಾದಿಗೆ ಕ್ಯಾಲ್ಕುಲೇಟರು ಹಿಡಿದು ಕೂತು ಇಲ್ಲಿಯ ಗಡಿಯಾರಕ್ಕೆ ತಿಥಿಗಳನ್ನೆಲ್ಲ ಲೆಕ್ಕ ಹಾಕಿ, ಆಫೀಸಿನ ಝೆರಾಕ್ಸು ಯಂತ್ರದಲ್ಲಿ ಪ್ರತಿ ತೆಗೆದು ಪರಿಚಯದ ಮನೆಗಳಿಗೆಲ್ಲ ಹಂಚುತ್ತಿದ್ದರು. ನನಗೂ ಕೊಡುತ್ತಿದ್ದರು. ನಾನು ಅದರ ಹಿಂಬದಿಯಲ್ಲಿ ಗ್ರೋಸರಿಯ ಪಟ್ಟಿ ಬರೆಯುತ್ತಿದ್ದೆ.

ಅವರು ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಬೆರಳಿಟ್ಟು ನೋಡಿದರು. ಮತ್ತೆ ನೋಡಿದರು.

"ಅಮ್ಮ, ಹಬ್ಬ ನಾಳೆ ಸರಿ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ಪಂಚಮಿ ಉಂಟು. ಆದ್ರೆ ಅದು ನಾಳೆ ಬೆಳಿಗ್ಗೆಯೇ ಮುಗೀತದೆ. ಮಧ್ಯಾಹ್ನಕ್ಕೆ ಷಷ್ಠಿ. ಶ್ರಾದ್ಧಕ್ಕೆ ಅಪರಾಹ್ನದಲ್ಲಿ ತಿಥಿ ಇರಬೇಕಲ್ವಾ?"

"ಹೌದು," ಎಂದಳು ಅಮ್ಮ. ಅವಳ ದನಿ ಸಣ್ಣಗಾಗಿತ್ತು.

"ಅದು ಇವತ್ತು. ಬೆಳಿಗ್ಗೆಯೇ ತಿಥಿ ಶುರುವಾಗಿದೆ. ಈಗ ನಾವು ಕೂತಿರುವುದು ಪಂಚಮಿಯಲ್ಲೇ."

ಸಂಗತಿ ಇಷ್ಟು ಸರಳ. ಅಮ್ಮನ ಕ್ಯಾಲೆಂಡರು ಮೈಸೂರಿನದು. ಅಲ್ಲಿ ಭಾನುವಾರ ಮಧ್ಯಾಹ್ನವಾದಾಗ ಇಲ್ಲಿ ಇನ್ನೂ ಶನಿವಾರದ ರಾತ್ರಿ. ಊರಿಗೆ ಫೋನು ಮಾಡುವಾಗಲೆಲ್ಲ ಹನ್ನೆರಡೂವರೆ ಗಂಟೆ ಕೂಡಿಸಲು ಬೆರಳು ಮಡಿಸುತ್ತಿದ್ದವನು ನಾನು. ಆ ಹನ್ನೆರಡೂವರೆ ಗಂಟೆ ಚಂದ್ರನಿಗೂ ಅನ್ವಯಿಸುತ್ತದೆ ಎಂದು ಒಂದು ದಿನವೂ ಹೊಳೆಯಲಿಲ್ಲ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಅಮ್ಮನಿಗೂ ಹೊಳೆಯಲಿಲ್ಲ. ಗೋಡೆಗೆ ನೇತು ಹಾಕಿದ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಇದ್ದುದನ್ನು ಇಬ್ಬರೂ ನಂಬಿದೆವು. ಏನನ್ನೂ ನಂಬುವುದಿಲ್ಲವೆಂದು ಹೇಳಿಕೊಂಡು ಓಡಾಡುತ್ತಿದ್ದ ನಾನೂ.

"ಎಲ್ಲಿಯವರೆಗೆ ಕಾಲ ಇದೆ?" ಅಮ್ಮ ಕೇಳಿದಳು.

"ಐದೂಕಾಲು."

ಆಗ ನಾಲ್ಕು ಗಂಟೆ. ಮನೆಗೆ ಹೋಗೋಣವೆಂದು ನಾನು ಎದ್ದೆ. ಉಪಾಧ್ಯರು ಕಿಟಕಿಯ ಕಡೆ ತೋರಿಸಿದರು. ಕಡಲಿನಿಂದ ವಾಪಸ್ಸಾಗುವ ಕಾರುಗಳು ಬೆಟ್ಟದ ಆ ಒಂಟಿ ರಸ್ತೆಯಲ್ಲಿ ಒಂದರ ಹಿಂದೆ ಒಂದು ನಿಂತಿದ್ದವು. ಯಾವುದೂ ಅಲುಗುತ್ತಿರಲಿಲ್ಲ. "ಎರಡು ಗಂಟೆ ಬೇಕು ಮಾರಾಯಾ. ಕಡಿಮೆ ಅಂದ್ರೆ."

ಅಮ್ಮ ಅಳಲಿಲ್ಲ. ಅತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅದು ಸುಲಭ. ಅವಳು ಟೇಬಲಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಸರಿಸಿ, ಮತ್ತೆ ಇದ್ದ ಜಾಗಕ್ಕೆ ತಂದು, "ಅಲ್ಲಿ ಬೇಡ ಅಂತ ನಾನೇ ಹೇಳಿ ಬಂದೆ," ಎಂದಳು. "ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅಂತಾಯ್ತು."

ಆಗ ನಾನು ಹೇಳಿದ ಮಾತು ನನ್ನ ಬಾಯಿಂದಲೇ ಬಂತು ಎಂಬುದಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. "ಹಿಂದೆ ತೊರೆ ಇದೆ ಅಂದ್ರಲ್ಲ ಉಪಾಧ್ಯರೇ," ಎಂದೆ.

ಉಪಾಧ್ಯರು ಗ್ಲಾಸು ಕೆಳಗಿಟ್ಟರು. "ಎಳ್ಳು ನೀರು ಬಿಟ್ರೂ ಸಾಕು ಅಮ್ಮ. ಆಪತ್ತಿಗೆ ಅಷ್ಟು ಅನುಕೂಲ ಉಂಟು. ನೀರಿದೆ. ದರ್ಭೆ ಬದಲು ಹುಲ್ಲು. ಮಂತ್ರ ನನಗೆ ಅರ್ಧ ಬರ್ತದೆ. ಎಳ್ಳು ಒಂದು..."

ಎಳ್ಳು ಇದೆಯಾ ಎಂದು ಸುಮಾ ಡೆಬಿಯನ್ನು ಕೇಳಿದಳು. ಡೆಬಿ ಅಡುಗೆಮನೆಗೆ ಹೋಗಿ ಬಂದು, ಬಿಡಿ ಎಳ್ಳು ಇಲ್ಲ, ಬನ್ನಿನ ಮೇಲಿರುವುದು ಅಷ್ಟೇ ಎಂದಳು. ಹಾಗಾದರೆ ಬನ್ನನ್ನೇ ತಾ ಎಂದೆವು. ಅವಳು ಎಂಟು ಬನ್ನು ತಂದಳು. ಒಂದೂವರೆ ಗಂಟೆ ಕಾಯಿಸಿದ ಆ ಪಬ್ಬಿನಲ್ಲಿ ಒಂದೇ ನಿಮಿಷದಲ್ಲಿ ಬಂದದ್ದು ಅದೊಂದೇ.

ಅಮ್ಮ ಕೆಂಪು ಬಿಳಿ ಚೌಕುಳಿಯ ನ್ಯಾಪ್‌ಕಿನ್ನನ್ನು ಹರಡಿ, ಹೆಬ್ಬೆರಳ ಉಗುರಿನಿಂದ ಎಳ್ಳು ಕೆರೆಯತೊಡಗಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗಿನ ಮುಖ. ಸುಮಾ ಇನ್ನೊಂದು ಬನ್ನು ಹಿಡಿದಳು. ಅಕ್ಕಪಕ್ಕದ ಟೇಬಲಿನವರು ನೋಡುವುದನ್ನು ಬಿಟ್ಟು, ನೋಡದ ಹಾಗೆ ನಟಿಸತೊಡಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು.

"ಬಿಳಿ ಎಳ್ಳು," ಅಮ್ಮ ಕೈ ನಿಲ್ಲಿಸಿದಳು. "ಪಿತೃಗಳಿಗೆ ಕರೀದು ಆಗಬೇಕು."

"ಒಲೆಯಲ್ಲಿ ಬೆಂದು ಸ್ವಲ್ಪ ಕಪ್ಪಾಗಿದೆಯಲ್ಲ ಅಮ್ಮ," ಎಂದರು ಉಪಾಧ್ಯರು.

ಅಮ್ಮ ಒಂದು ಗಳಿಗೆ ಅವರ ಮುಖ ನೋಡಿದಳು. ಆಮೇಲೆ ನ್ಯಾಪ್‌ಕಿನ್ನಿನ ಮೇಲಿನ ಎಳ್ಳಿನಲ್ಲಿ ಹೆಚ್ಚು ಬೆಂದು ಕಂದಿದ ಕಾಳುಗಳನ್ನು ಬೇರೆ ಆರಿಸತೊಡಗಿದಳು.

ಇದು ಯಾತಕ್ಕೆ ಎಂದು ಡೆಬಿ ಕೇಳಿದಳು. ಇವರ ತಂದೆಗೆ ಎಂದಳು ಸುಮಾ. ಅವರೂ ಬರುತ್ತಾರಾ, ಇನ್ನೊಂದು ಕುರ್ಚಿ ಹಾಕಲಾ ಎಂದು ಡೆಬಿ ಸುತ್ತ ನೋಡಿದಳು. ಅಮ್ಮ ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದಳು: "ಅವರು ಬಂದಾಗಿದೆ. ತಡ ಮಾಡಿದ್ದು ನಾವು."

ತೊರೆ ಅಡುಗೆಮನೆಯ ಹಿಂದೆ, ಖಾಲಿ ಪೀಪಾಯಿಗಳ ಆಚೆ ಇತ್ತು. ಬೇಸಿಗೆಯ ತೊರೆ, ಪಾದ ಮುಳುಗುವಷ್ಟು ನೀರು, ಮೈ ಕೊರೆಯುವಷ್ಟು ತಣ್ಣಗೆ. ನಾನು ಅದರಲ್ಲೇ ಕೂತು ತಲೆಯ ಮೇಲೆ ನೀರು ಸುರಿದುಕೊಂಡೆ, ಸ್ನಾನದ ಲೆಕ್ಕಕ್ಕೆ. ಉಪಾಧ್ಯರು ಗಡಿಯಾರ ಮತ್ತು ಸೂರ್ಯನನ್ನು ನೋಡಿ ದಕ್ಷಿಣ ಗೊತ್ತು ಮಾಡಿದರು. "ಜನಿವಾರ ಬಲ ಹೆಗಲಿಗೆ ಹಾಕ್ಕೋ," ಎಂದರು.

ನನ್ನ ಕೈ ಹೆಗಲವರೆಗೆ ಹೋಗಿ ಹಾಗೇ ಕೆಳಗಿಳಿಯಿತು. ಅಮ್ಮನಿಗೆ ಅರ್ಥವಾಯಿತು. "ಎಷ್ಟು ವರ್ಷ ಆಯ್ತು ತೆಗೆದು?" ಎಂದಳು.

"ನೆನಪಿಲ್ಲ ಅಮ್ಮ."

"ಇದೊಂದು ಚೆನ್ನಾಗಿ ಕಲಿತೆ," ಎಂದು ಚೌಕುಳಿಯ ನ್ಯಾಪ್‌ಕಿನ್ನನ್ನು ಕೊಡವಿ, ಉತ್ತರೀಯದ ಹಾಗೆ ಮಡಿಸಿ, ನನ್ನ ಒದ್ದೆ ಶರ್ಟಿನ ಬಲ ಹೆಗಲಿನ ಮೇಲೆ ಹಾಕಿದಳು.

ಉಪಾಧ್ಯರು ಹೇಳಿಸಿದರು. ಮರೆತ ಕಡೆ ಗಂಟಲು ಸರಿಮಾಡಿಕೊಂಡು ಮುಂದೆ ಹೋದರು. ಅಪ್ಪನಿಗೆ, ಅಜ್ಜನಿಗೆ, ಮುತ್ತಜ್ಜನಿಗೆ, ತಲಾ ಮೂರು ಸಲ ಹೆಬ್ಬೆರಳ ಬದಿಯಿಂದ ನೀರು ಬಿಡಬೇಕು. ಅಪ್ಪ ಲಕ್ಷ್ಮೀನಾರಾಯಣ, ಬಿಟ್ಟೆ. ಅಜ್ಜ ರಾಮಚಂದ್ರ, ನನ್ನದೇ ಹೆಸರು, ಬಿಟ್ಟೆ. ಮುತ್ತಜ್ಜನ ಹೆಸರು ಬರಲಿಲ್ಲ. ಎಳ್ಳು ಅಂಗೈಯಲ್ಲಿ ನೆನೆಯುತ್ತಾ ಕೂತಿತು.

"ಅಮ್ಮ, ಮುತ್ತಜ್ಜನ ಹೆಸರೇನು?"

ಅಮ್ಮ ಬಾಯಿ ತೆರೆದು ಮುಚ್ಚಿದಳು.

"ಹೇಳಮ್ಮ, ಹೊತ್ತಾಯ್ತು."

"ನಾನು ಹೇಗೋ ಹೇಳಲಿ," ಎಂದಳು. "ಅದೇ ಹೆಸರು. ಇವರದೇ."

ನಮ್ಮ ಮನೆ ರೂಢಿ ಅದು: ಅಜ್ಜನ ಹೆಸರು ಮೊಮ್ಮಗನಿಗೆ. ಅಪ್ಪನಿಗೆ ಅವರ ಅಜ್ಜನ ಹೆಸರು. ಗಂಡನ ಹೆಸರನ್ನು ಅಮ್ಮ ಜೀವಮಾನದಲ್ಲಿ ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಬರೆದು ತೋರಿಸುತ್ತಿದ್ದಳು. ಹಾಗಾಗಿ ಮುತ್ತಜ್ಜನೂ ಆ ಮನೆಯಲ್ಲಿ ಹೆಸರಿಲ್ಲದೆಯೇ ಉಳಿದಿದ್ದರು. ನಾನು ಲಕ್ಷ್ಮೀನಾರಾಯಣ ಎಂದು ಮತ್ತೊಮ್ಮೆ ಹೇಳಿದೆ. ನೀರು ಬಿಟ್ಟೆ. ಕಂದು ಎಳ್ಳಿನ ಕಾಳುಗಳು ಕಲ್ಲಿನ ಸುತ್ತ ಒಂದು ಸುತ್ತು ಹಾಕಿ ಕಡಲಿನ ಕಡೆ ಹೋದವು. ಆಗ ನಾಲ್ಕೂವರೆ ದಾಟಿರಬೇಕು. ಹೊತ್ತು ನೋಡಿಕೊಂಡವರು ಉಪಾಧ್ಯರು.

ನನಗೆ ಏನನಿಸಿತು ಎಂದು ಕೇಳುತ್ತೀರಿ. ಚಳಿಯಾಯಿತು.

ಒಳಗೆ ಬಂದಾಗ ಊಟ ಬಂದು ಆರಿತ್ತು. ನಾವು ಎಳ್ಳು ಕೆರೆದಿದ್ದ ಬನ್ನುಗಳನ್ನೇ ಅವರು ಒಳಗೆ ಕೊಂಡುಹೋಗಿ ಟೊಮೇಟೊ ಇಟ್ಟು ತಂದಿದ್ದರು; ತಲೆ ಬೋಳಿಸಿದ ಹಾಗಿದ್ದವು. ಬೆಳಗಿನಿಂದ ಏನೂ ತಿನ್ನದ ಅಮ್ಮ ಒಂದನ್ನು ಪೂರ್ತಿ ತಿಂದಳು. "ಉಪ್ಪಿಲ್ಲ," ಎಂದಳು, "ಶ್ರಾದ್ಧದ ಊಟ ಇಷ್ಟು ಸಪ್ಪೆ ಇರಬಾರದು." ಬಿಯರಿನ ಗ್ಲಾಸುಗಳನ್ನು ಡೆಬಿ ಆಗಲೇ ತೆಗೆದುಕೊಂಡು ಹೋಗಿದ್ದಳು. ನನ್ನದು ತುಂಬಿತ್ತೋ ಅರ್ಧವಿತ್ತೋ ನೋಡಿದ್ದೆಯಾ ಎಂದು ಅವಳನ್ನು ಆಗಲೇ ಕೇಳಬೇಕಿತ್ತು. ಉಪಾಧ್ಯರನ್ನು ಆಮೇಲೆ ಎಷ್ಟೋ ಸಲ ಕೇಳಿದೆ. ಅವರು ಈಗ ಡಬ್ಲಿನ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. "ನನ್ನ ಗ್ಲಾಸು ನನಗೆ ನೆನಪುಂಟು," ಎನ್ನುತ್ತಾರೆ, "ನಿನ್ನದು ನಾನ್ಯಾಕೆ ನೋಡ್ಲಿ ಮಾರಾಯಾ?"

ಅಮ್ಮ ಊರಿಗೆ ಕಾಗದ ಬರೆದಳು. ಮಗ ನದೀತೀರದಲ್ಲಿ ತರ್ಪಣ ಕೊಟ್ಟ ಎಂದು ಬರೆದಳು. ಪಬ್ಬಿನ ಮಾತು ಬಿಟ್ಟಳು. "ಸುಳ್ಳು ಬರೀತೀಯಲ್ಲಮ್ಮ," ಎಂದರೆ, "ತೊರೆ ನೀರು ನದಿಗೆ ತಾನೆ ಹೋಗೋದು?" ಎಂದಳು. ನಾನು ಬಿಯರು ಮುಟ್ಟಿರಲಿಲ್ಲ ಎಂಬ ಸಾಲೂ ಇತ್ತು. ಬಿಯರಿನ ಹೆಸರೆತ್ತದೆ, 'ಬೆಳಗಿನಿಂದ ಬರೀ ಹೊಟ್ಟೆಯಲ್ಲಿದ್ದ' ಎಂದು. ಬಂದ ದಿನ ಒಮ್ಮೆ ಹಾಕಿ ಕೇಳಿಸಿದ್ದು ಬಿಟ್ಟರೆ, ಕ್ಯಾಸೆಟ್ಟು ಉಪಯೋಗಕ್ಕೆ ಬಾರದೆ ವಾಪಸ್ಸು ಹೋಯಿತು.

ಆದರೆ ನನ್ನ ಬುದ್ಧಿ ಸುಮ್ಮನಿರಬೇಕಲ್ಲ. ಉಪಾಧ್ಯರ ಲೆಕ್ಕ ತಪ್ಪಾಗಿದ್ದರೆ? ಅಂಗೈಯಗಲದ ಕ್ಯಾಲ್ಕುಲೇಟರು, ಝೆರಾಕ್ಸಿನಲ್ಲಿ ಮಸುಕಾದ ಅಂಕಿಗಳು, ಪಕ್ಕದಲ್ಲಿ ಬಿಯರು. ಒಂದು ಸಾಲು ಕೆಳಗೆ ಬೆರಳಿಟ್ಟಿದ್ದರೂ ಮುಗಿಯಿತು. ನಾವು ಚೌತಿಯಲ್ಲಿ ಕೂತು ನೀರು ಬಿಟ್ಟು, ಪಂಚಮಿಯ ದಿನ ಮನೆಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡಿದ್ದೆವು ಎಂದಾಗುತ್ತಿತ್ತು. ಎಳ್ಳುನೀರು ಯಾರಿಗೂ ಮುಟ್ಟುವುದಿಲ್ಲ ಎನ್ನುವವನಿಗೆ ಅದು ಯಾವ ದಿನ ಬಿಟ್ಟದ್ದಾದರೇನು? ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದೇನೆ.  ಆದರೂ ಅಮ್ಮ ಇರುವವರೆಗೆ ಉಪಾಧ್ಯರ ಲೆಕ್ಕ ಪರೀಕ್ಷಿಸುವ ಧೈರ್ಯ ಬರಲಿಲ್ಲ. ತಪ್ಪಾಗಿತ್ತು ಎಂದು ಗೊತ್ತಾದರೆ ಫೋನಿನಲ್ಲಿ ಅವಳ ದನಿ ಕೇಳುತ್ತಾ ಅದನ್ನು ಗಂಟಲಲ್ಲಿ ಇಟ್ಟುಕೊಳ್ಳಬೇಕಿತ್ತು. ಊರಿನ ಪ್ರತಿಯೊಬ್ಬರಿಗೂ ಅವಳು ಆ ಕಥೆ ಹೇಳಿದ್ದಳು.

ಅಮ್ಮ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ ಲೆಕ್ಕಕ್ಕೆ ಕೂತೆ. ಉಪಾಧ್ಯರ ಹಾಳೆಯನ್ನು ನೋಡಲಿಲ್ಲ, ಯಾರ ಪಂಚಾಂಗವನ್ನೂ ತೆರೆಯಲಿಲ್ಲ. ಖಗೋಳದ ಕೋಷ್ಟಕಗಳಿಂದ ಆ ಶನಿವಾರದ ಸೂರ್ಯ ಎಲ್ಲಿದ್ದ, ಚಂದ್ರ ಎಲ್ಲಿದ್ದ ಎಂದು ತೆಗೆದೆ, ಎರಡರ ನಡುವಿನ ಅಂತರವನ್ನು ಒಂದು ತಿಥಿಗೆ ಹನ್ನೆರಡು ಡಿಗ್ರಿಯಂತೆ ಭಾಗಿಸಿದೆ, ಇಲ್ಲಿಯ ಗಡಿಯಾರಕ್ಕೆ ಇಳಿಸಿದೆ. ಮಧ್ಯೆ ಒಮ್ಮೆ ಎದ್ದು ಹೋಗಿ ನೀರು ಕುಡಿದು ಬಂದೆ. ಎರಡನೆಯ ಸಲ ಬೇರೆ ದಾರಿಯಿಂದ ಲೆಕ್ಕ ಮಾಡಿದೆ, ಅದೇ ಬಂತು. ಆ ಶನಿವಾರ ಸಾಯಂಕಾಲ ನಾಲ್ಕೂವರೆಗೆ, ಆ ಬೆಟ್ಟದ ಆಚೆ, ಪಂಚಮಿಯೇ ಇತ್ತು.